ಮೂತ್ರದ ಪೈಪ್ ಯಾವಾಗ ತೆಗೆಯುತ್ತೀರಿ?

ಪ್ರಶ್ನೆ: ನಮ್ಮ ಮಾವನವರಿಗೆ 74 ವರ್ಷ. ಜುಲೈ ತಿಂಗಳ ಮಳೆಯಲ್ಲಿ ಅಂಗಳದ ಪಾಚಿಯ ಮೇಲೆ ಕಾಲು ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಹೊರಜಿಲ್ಲೆಯ ಆಸ್ಪತ್ರೆಯೊಂದಕ್ಕೆ ಸೇರಿಸಿದೆವು. ದಾಖಲಾದ ದಿನವೇ ಮೂತ್ರಕ್ಕೆ ಪೈಪ್ ಹಾಕಿದರು. ಮೂರನೆಯ ದಿನ ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಆದರೆ ಎಂಟನೆಯ ದಿನ ನಡುಕ ಬಂದು ಜ್ವರ ಏರಿತು, ನಮ್ಮನ್ನೇ ಗುರುತಿಸದಂತೆ ಮಾತನಾಡತೊಡಗಿದರು. ಪೈಪ್‌ನಿಂದ ಮೂತ್ರದ ಸೋಂಕಾಗಿದೆ ಎಂದು ಹೇಳಿ ಇನ್ನೂ ಒಂದು ವಾರ ಇಟ್ಟುಕೊಂಡರು. ಈಗ ಮನೆಯಲ್ಲಿ ಆರಾಮವಾಗಿದ್ದಾರೆ. ಮುಂದಿನ ತಿಂಗಳು ನಮ್ಮ ಅತ್ತೆಯವರಿಗೆ ಮಂಡಿ ಬದಲಿಸುವ ಶಸ್ತ್ರಚಿಕಿತ್ಸೆ ಇದೆ. ಅವರಿಗೆ ಸಕ್ಕರೆ ಕಾಯಿಲೆಯೂ ಇದೆ. ಇಂತಹ ಸೋಂಕನ್ನು ತಡೆಯಲು ಸಾಧ್ಯವೇ? ಪೈಪ್ ಇರುವಾಗ ಆ ಜಾಗವನ್ನು ಡೆಟಾಲ್ ಹಾಕಿ ತೊಳೆಯಬೇಕೇ? ಮೊದಲೇ ಆ್ಯಂಟಿಬಯಾಟಿಕ್ ಕೊಡಿಸಬಹುದೇ? ಜೊತೆಗಿರುವ ಮನೆಯವರು ಏನು ಮಾಡಬೇಕು?
— ನಾಪೋಕ್ಲು ಸಮೀಪದ ಓದುಗರು

ಉತ್ತರ: ನಿಮ್ಮ ನಾಲ್ಕು ಪ್ರಶ್ನೆಗಳಲ್ಲಿ ನಡುವಿನ ಎರಡಕ್ಕೆ ಉತ್ತರ ಚಿಕ್ಕದು. ಡೆಟಾಲ್ ಬೇಡ, ಮೊದಲೇ ಆ್ಯಂಟಿಬಯಾಟಿಕ್ ಕೊಡುವುದೂ ಬೇಡ. ಏಕೆ ಬೇಡವೆಂಬುದನ್ನು ಮುಂದೆ ಹೇಳುತ್ತೇನೆ. ತಡೆಯಲು ಸಾಧ್ಯವೇ ಎಂದರೆ, ಎಲ್ಲವನ್ನೂ ಅಲ್ಲದಿದ್ದರೂ ಮೂರರಲ್ಲಿ ಎರಡು ಪಾಲಿನಷ್ಟನ್ನು ತಡೆಯಬಹುದೆಂಬುದು ಈ ವಿಷಯವನ್ನು ಅಭ್ಯಾಸ ಮಾಡಿದವರ ಅಂದಾಜು. ಅದಕ್ಕೆ ದುಬಾರಿ ಔಷಧಿಯಾಗಲಿ ಹೊಸ ಯಂತ್ರವಾಗಲಿ ಬೇಕಿಲ್ಲ. ಪೈಪ್ ಎಷ್ಟು ದಿನ ಒಳಗಿರುತ್ತದೆ ಎಂಬ ಲೆಕ್ಕವನ್ನು ಯಾರಾದರೂ ಒಬ್ಬರು ಇಟ್ಟುಕೊಳ್ಳಬೇಕು, ಅಷ್ಟೇ. ಆಸ್ಪತ್ರೆಯಲ್ಲಿ ಅಂಟುವ ಮೂತ್ರದ ಸೋಂಕುಗಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ಕ್ಯಾಥೆಟರ್ ಎಂಬ ಈ ನಳಿಕೆಯೇ ಹಿನ್ನೆಲೆಯಲ್ಲಿರುತ್ತದೆ. ಅದು ಒಳಗಿರುವ ಪ್ರತಿಯೊಂದು ದಿನಕ್ಕೂ ಮೂತ್ರದಲ್ಲಿ ಬ್ಯಾಕ್ಟೀರಿಯಾ ನೆಲೆಯೂರುವ ಸಾಧ್ಯತೆ ಶೇ 3ರಿಂದ 7ರಷ್ಟು ಸೇರುತ್ತಾ ಹೋಗುತ್ತದೆ. ಒಂದು ತಿಂಗಳು ಕಳೆಯುವ ಹೊತ್ತಿಗೆ, ಎಷ್ಟೇ ಚೊಕ್ಕಟವಾಗಿ ನೋಡಿಕೊಂಡರೂ, ಹೆಚ್ಚುಕಡಿಮೆ ಎಲ್ಲರ ಮೂತ್ರದಲ್ಲೂ ಅವು ಇದ್ದೇ ಇರುತ್ತವೆ.

ಹೀಗೇಕೆ ಆಗುತ್ತದೆ ಎಂದು ತಿಳಿದರೆ ಉಳಿದ ಎಚ್ಚರಿಕೆಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ. ನಾವು ಮೂತ್ರ ಮಾಡಿದಾಗಲೆಲ್ಲ ಮೂತ್ರದ್ವಾರದ ಬಳಿ ಸೇರಿಕೊಂಡ ರೋಗಾಣುಗಳು ಆ ಹರಿವಿನ ಜೊತೆ ಕೊಚ್ಚಿಹೋಗುತ್ತವೆ, ಮೂತ್ರಕೋಶವೂ ಪೂರ್ತಿ ಖಾಲಿಯಾಗುತ್ತದೆ. ಕ್ಯಾಥೆಟರ್ ಹಾಕಿದಾಗ ಇವೆರಡೂ ನಿಲ್ಲುತ್ತವೆ. ನಳಿಕೆಯ ತುದಿಯಲ್ಲಿರುವ ಪುಟ್ಟ ಬಲೂನು ಜಾರಿ ಹೊರಬರದಂತೆ ತಡೆಯುತ್ತದೆ ನಿಜ, ಆದರೆ ಆ ಬಲೂನಿನ ಕೆಳಗೆ ಸ್ವಲ್ಪ ಮೂತ್ರ ಸದಾ ನಿಂತೇ ಇರುತ್ತದೆ. ಚರ್ಮದ ಮೇಲೆ, ಕರುಳಿನಲ್ಲಿ ನೆಮ್ಮದಿಯಾಗಿದ್ದ ಇ. ಕೊಲೈ, ಕ್ಲೆಬ್ಸಿಯೆಲ್ಲಾ, ಎಂಟೆರೊಕಾಕಸ್ ಮೊದಲಾದವು ನಳಿಕೆಯ ಹೊರಮೈಯನ್ನು ಹಿಡಿದು ಮೇಲೆ ಹತ್ತುತ್ತವೆ. ಚೀಲದ ಕಡೆಯಿಂದ ಒಳಮೈಯ ಮೂಲಕವೂ ಹತ್ತುತ್ತವೆ. ಹತ್ತಿದವು ಬಿಡಿಬಿಡಿಯಾಗಿ ಇರುವುದಿಲ್ಲ, ತಮ್ಮ ಸುತ್ತ ಒಂದು ಲೋಳೆಪದರವನ್ನು ಕಟ್ಟಿಕೊಳ್ಳುತ್ತವೆ. ತೋಡಿನ ಕಲ್ಲುಗಳ ಮೇಲೆ ನೀರು ಹರಿಯುತ್ತಲೇ ಇದ್ದರೂ ಜಾರುವ ಪದರ ಕಟ್ಟಿರುತ್ತದಲ್ಲ, ಬಹುಪಾಲು ಅದರಂತೆಯೇ. ಈ ಪದರದೊಳಗೆ ಕುಳಿತ ಬ್ಯಾಕ್ಟೀರಿಯಾಗಳಿಗೆ ಆ್ಯಂಟಿಬಯಾಟಿಕ್ ಸರಿಯಾಗಿ ತಗಲುವುದಿಲ್ಲ. ಮೊದಲೇ ಔಷಧಿ ಕೊಟ್ಟರೆ ಮೆತ್ತನೆಯ ಜಾತಿಗಳು ಸತ್ತು, ಔಷಧಿಗೆ ಬಗ್ಗದ ಜಾತಿಗಳಿಗೆ ಜಾಗ ತೆರವಾಗುತ್ತದೆ; ಮುಂದೆ ನಿಜವಾಗಿಯೂ ಸೋಂಕಾದಾಗ ಕೊಡಲು ಉಳಿಯುವ ಔಷಧಿಗಳು ಕಡಿಮೆಯಾಗುತ್ತವೆ. ಮಂಡಿ ಶಸ್ತ್ರಚಿಕಿತ್ಸೆಗೆ ಸ್ವಲ್ಪ ಮೊದಲು ನಿಮ್ಮ ಅತ್ತೆಯವರಿಗೆ ಒಂದು ಆ್ಯಂಟಿಬಯಾಟಿಕ್ ಚುಚ್ಚುಮದ್ದು ಕೊಡುತ್ತಾರೆ, ಅದು ಗಾಯಕ್ಕಾಗಿ. ಅದಕ್ಕೂ ಈ ಮಾತಿಗೂ ಸಂಬಂಧವಿಲ್ಲ.

ಈಗ ನಿಮ್ಮ ಮಾವನವರ ವಿಷಯ. ಸೊಂಟದ ಮೂಳೆ ಮುರಿದವರನ್ನು ಶಸ್ತ್ರಚಿಕಿತ್ಸೆಗೆ ಮೊದಲು ಮಗ್ಗುಲು ತಿರುಗಿಸಿದರೂ ಪ್ರಾಣ ಹೋಗುವಷ್ಟು ನೋವಾಗುತ್ತದೆ, ಬೆಡ್‌ಪ್ಯಾನ್ ಇಡಲು ಸೊಂಟ ಎತ್ತುವಂತಿಲ್ಲ. ಆದ್ದರಿಂದ ಮೊದಲ ಮೂರು ದಿನ ಕ್ಯಾಥೆಟರ್ ಇದ್ದದ್ದನ್ನು ನಾನು ತಪ್ಪೆನ್ನಲಾರೆ. ಆದರೆ ಮೂರನೆಯ ದಿನ ಶಸ್ತ್ರಚಿಕಿತ್ಸೆ ಮುಗಿದ ಮೇಲೂ ಎಂಟನೆಯ ದಿನದವರೆಗೆ ಅದು ಏಕಿತ್ತು? ನೀವು ಬರೆದಿರುವುದರಲ್ಲಿ ಅದಕ್ಕೆ ಕಾರಣ ಕಾಣುವುದಿಲ್ಲ. ವಿಶೇಷ ಕಾರಣವಿಲ್ಲದಿದ್ದರೆ ಶಸ್ತ್ರಚಿಕಿತ್ಸೆಯಾದ 24 ಗಂಟೆಗಳೊಳಗೆ ತೆಗೆಯಬೇಕೆಂಬುದು ಈಗ ಎಲ್ಲೆಡೆ ಒಪ್ಪಿತವಾದ ನಿಯಮ. ಬಹುಶಃ ಯಾರೂ ಬೇಕೆಂದು ಉಳಿಸಿರಲಿಕ್ಕಿಲ್ಲ, ಮರೆತಿರಬೇಕು. ಇದು ನಮ್ಮ ಕಡೆಯ ಆಸ್ಪತ್ರೆಗಳಿಗೆ ಮಾತ್ರ ಸಂಬಂಧಿಸಿದ ದೋಷವೆಂದು ತಿಳಿಯಬೇಡಿ. 2000ದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಅಮೆರಿಕದ ಬೋಧನಾ ಆಸ್ಪತ್ರೆಗಳ ವೈದ್ಯರನ್ನು ಅವರವರ ರೋಗಿಗಳ ಪೈಕಿ ಯಾರಿಗೆ ಕ್ಯಾಥೆಟರ್ ಇದೆ ಎಂದು ಕೇಳಿದಾಗ, ಶೇ 28ರಷ್ಟು ಸಂದರ್ಭಗಳಲ್ಲಿ ಅದು ಇರುವುದೇ ವೈದ್ಯರಿಗೆ ಗೊತ್ತಿರಲಿಲ್ಲ. ಹಿರಿಯ ವೈದ್ಯರಲ್ಲಂತೂ ಈ ಪ್ರಮಾಣ ಶೇ 38. ಹೊದಿಕೆಯ ಕೆಳಗಿರುವ ವಸ್ತು ಕಣ್ಣಿಗೆ ಬೀಳುವುದಿಲ್ಲ, ಕಣ್ಣಿಗೆ ಬೀಳದ್ದು ಕೇಸ್ ಶೀಟಿನಲ್ಲೂ ಇರುವುದಿಲ್ಲ. ಪ್ರತಿ ದಿನ ಬೆಳಗ್ಗೆ ನೆನಪಿಸುವ ಒಂದು ಚೀಟಿಯನ್ನೋ, ಇಂತಿಷ್ಟು ದಿನಕ್ಕೆ ತಾನಾಗಿಯೇ ತೆಗೆಯಬೇಕೆಂಬ ಆದೇಶವನ್ನೋ ಜಾರಿಗೆ ತಂದ ಆಸ್ಪತ್ರೆಗಳಲ್ಲಿ ಈ ಸೋಂಕು ಅರ್ಧದಷ್ಟು ಇಳಿದಿದೆ. ಔಷಧಿಯೊಂದು ಇಷ್ಟು ಗುಣ ತೋರಿಸಿದ್ದರೆ ಅದರ ಜಾಹೀರಾತು ಎಲ್ಲ ಕಡೆ ಇರುತ್ತಿತ್ತು.

ಆದ್ದರಿಂದ ಜೊತೆಗಿರುವವರ ಮೊದಲ ಕೆಲಸ ಕೇಳುವುದು. ಬೆಳಗಿನ ರೌಂಡ್ಸ್‌ಗೆ ವೈದ್ಯರು ಬಂದಾಗ, "ಡಾಕ್ಟರೇ, ಮೂತ್ರದ ಪೈಪ್ ಇವತ್ತೂ ಬೇಕಾ? ಯಾವಾಗ ತೆಗೆಯುತ್ತೀರಿ?" ಎಂದು ಕೇಳಿ. ಪ್ರತಿ ದಿನ ಕೇಳಿ. ಇದರಿಂದ ಯಾರಿಗೂ ಅವಮಾನವಾಗುವುದಿಲ್ಲ. ಯಾರಿಗಾದರೂ ಹಾಗನ್ನಿಸಿದರೆ ಅದು ಅವರ ಸಮಸ್ಯೆ, ನಿಮ್ಮದಲ್ಲ. ಮೂತ್ರ ಕಟ್ಟಿಕೊಂಡಿದ್ದರೆ, ಐಸಿಯುವಿನಲ್ಲಿ ಗಂಟೆಗಂಟೆಗೆ ಮೂತ್ರದ ಅಳತೆ ಬೇಕಾಗಿದ್ದರೆ, ಮೂತ್ರದ ಮೇಲೆ ಹಿಡಿತವಿಲ್ಲದವರಿಗೆ ಬೆನ್ನಿನ ಕೆಳಭಾಗದಲ್ಲಿ ಮಂಚದ ಹುಣ್ಣಾಗಿ ಅದು ಮಾಯಬೇಕಾಗಿದ್ದರೆ, ಕೊನೆಯ ದಿನಗಳಲ್ಲಿರುವವರಿಗೆ ಅದರಿಂದ ನೆಮ್ಮದಿ ಸಿಗುವುದಾದರೆ ಪೈಪ್ ಬೇಕೇ ಬೇಕು. ಹಾಸಿಗೆ ಒದ್ದೆಯಾಗುತ್ತದೆ, ರಾತ್ರಿ ಎಬ್ಬಿಸಬೇಕಾಗುತ್ತದೆ, ಶೌಚಾಲಯ ವಾರ್ಡಿನ ಆ ತುದಿಯಲ್ಲಿದೆ ಎಂಬವು ಕಾರಣಗಳಲ್ಲ.

ಇಲ್ಲಿ ಆಸ್ಪತ್ರೆಯವರನ್ನು ಮಾತ್ರ ದೂರಿ ಮುಂದೆ ಹೋಗುವುದು ನ್ಯಾಯವಾಗದು. ಪೈಪ್ ತೆಗೆಯುತ್ತೇವೆಂದು ಸಿಸ್ಟರ್ ಬಂದಾಗ, "ಇನ್ನೆರಡು ದಿನ ಇರಲಿ, ನಮಗೆ ಕಷ್ಟವಾಗುತ್ತದೆ" ಎಂದು ಬೇಡಿಕೊಳ್ಳುವ ಮನೆಯವರನ್ನು ನಾನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ. ಅವರ ಕಷ್ಟ ಸುಳ್ಳಲ್ಲ. ಮಗ ತೋಟದ ಕೆಲಸ ಬಿಟ್ಟು ಬರುವಂತಿಲ್ಲ, ಜೊತೆಗೆ ನಿಂತವಳು ಸೊಸೆ. ಜೀವನವಿಡೀ ಮನೆಯ ಯಜಮಾನನಾಗಿದ್ದ ಹಿರಿಯರು ಸೊಸೆಯನ್ನು ಕರೆದು ಮೂತ್ರದ ಪಾತ್ರೆ ಕೊಡು ಎಂದು ಹೇಳಲಾರರು; ಹೇಳಲಾರದೆ ಬಿಗಿಹಿಡಿದು ಮಲಗಿರುತ್ತಾರೆ, ಇಲ್ಲವೇ ನೀರು ಕುಡಿಯುವುದನ್ನೇ ಬಿಡುತ್ತಾರೆ. ಒಮ್ಮೆ ಸೋಮವಾರಪೇಟೆ ಕಡೆಯ ಒಬ್ಬರು, ಕಾಳುಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಬಂದವರು, ಪೈಪ್ ತೆಗೆಯುವುದು ಬೇಡವೆಂದು ನನ್ನ ಕೈ ಹಿಡಿದುಕೊಂಡರು. ಕಾರಣ ಕೇಳಿದರೆ ಬಾಗಿಲ ಬಳಿ ನಿಂತಿದ್ದ ಸೊಸೆಯ ಕಡೆ ನೋಡಿ ಮುಖ ತಿರುಗಿಸಿದರು. ಅವರಿಗೆ ಬೇಕಾಗಿದ್ದದ್ದು ಮಂಚದ ಪಕ್ಕ ಕೈಗೆಟುಕುವಂತೆ ಒಂದು ಮುಚ್ಚಳವಿರುವ ಯೂರಿನ್ ಪಾಟ್, ಸುತ್ತ ಒಂದು ಪರದೆ, ಮತ್ತು ರಾತ್ರಿಗೆ ಒಬ್ಬ ಗಂಡು ಆಳು. ಮೂರನ್ನೂ ಹೊಂದಿಸಿದ ಮೇಲೆ ಪೈಪ್ ತೆಗೆಯಲು ಅವರ ತಕರಾರೇನೂ ಇರಲಿಲ್ಲ. ಗಂಡಸರಿಗೆ ಹೊರಗಿನಿಂದಲೇ ತೊಡಿಸುವ ಕಾಂಡೋಮ್ ಕ್ಯಾಥೆಟರ್ ಕೂಡ ಇದೆ; ಮೂತ್ರ ಕಟ್ಟಿಕೊಳ್ಳದವರಿಗೆ ಅದು ಒಳ್ಳೆಯ ಉಪಾಯ. ಹೆಂಗಸರಿಗೆ ಡೈಪರ್, ಬೆಡ್‌ಪ್ಯಾನ್, ಮಂಚದ ಪಕ್ಕದಲ್ಲಿಡುವ ಕಮೋಡ್ ಕುರ್ಚಿ ಇವೆ. ಮೂತ್ರ ಪೂರ್ತಿ ಹೊರಬಾರದವರಿಗೆ ದಿನಕ್ಕೆ ಕೆಲವು ಬಾರಿ ನಳಿಕೆ ಹಾಕಿ, ಖಾಲಿ ಮಾಡಿ, ಆಗಲೇ ತೆಗೆಯುವ ಕ್ರಮವು ಒಳಗೇ ಬಿಡುವುದಕ್ಕಿಂತ ಅನೇಕರಲ್ಲಿ ಸುರಕ್ಷಿತ.

ಹಾಕಲೇಬೇಕಾದಾಗ ಹಾಕುವ ಕೈ ಶುಚಿಯಾಗಿರಬೇಕು: ತೊಳೆದ ಕೈ, ಸ್ಟೆರೈಲ್ ಕೈಗವಸು, ಸ್ಟೆರೈಲ್ ಬಟ್ಟೆ, ಒಮ್ಮೆ ಮಾತ್ರ ಬಳಸುವ ಜೆಲ್ಲಿ, ಮೂತ್ರ ಸರಾಗವಾಗಿ ಹರಿಯುವಷ್ಟೇ ಸಣ್ಣ ಅಳತೆಯ ನಳಿಕೆ. ಇದು ತರಬೇತಿ ಪಡೆದವರ ಕೆಲಸ, ಮನೆಯವರಿಗೆ ಇದರಲ್ಲಿ ಮಾಡಲು ಏನೂ ಇಲ್ಲ. ಹಾಕಿದ ಬಳಿಕ ನಳಿಕೆಯನ್ನು ತೊಡೆಗೆ ಅಥವಾ ಗಂಡಸರಲ್ಲಿ ಕಿಬ್ಬೊಟ್ಟೆಗೆ ಪಟ್ಟಿಯಿಂದ ಅಂಟಿಸಿದ್ದಾರೆಯೇ ಎಂದು ಮಾತ್ರ ನೋಡಿ. ಅಂಟಿಸದಿದ್ದರೆ ಪ್ರತಿ ಅಲುಗಾಟಕ್ಕೂ ಅದು ಹಿಂದಕ್ಕೂ ಮುಂದಕ್ಕೂ ಆಡಿ ಒಳಗೆ ಗೀರುತ್ತದೆ, ಹೊರಗಿನ ಕೊಳೆಯನ್ನು ಒಳಕ್ಕೆ ಒಯ್ಯುತ್ತದೆ.

ಮನೆಯವರ ಕಣ್ಣು ನಿಜವಾಗಿ ಇರಬೇಕಾದದ್ದು ಚೀಲದ ಮೇಲೆ, ವಾರ್ಡಿನಲ್ಲಿ ಎಲ್ಲರೂ ಯೂರೋಬ್ಯಾಗ್ ಎನ್ನುವ ಆ ಚೀಲದ ಮೇಲೆ. ಹಿಂದೆ ಕ್ಯಾಥೆಟರಿನ ತುದಿಯನ್ನು ಮಂಚದ ಕೆಳಗಿನ ತೆರೆದ ಬಾಟಲಿಗೆ ಇಳಿಬಿಡುತ್ತಿದ್ದರು. ಆಗ ನಾಲ್ಕು ದಿನಗಳಲ್ಲೇ ಹೆಚ್ಚುಕಡಿಮೆ ಎಲ್ಲ ರೋಗಿಗಳ ಮೂತ್ರದಲ್ಲೂ ಬ್ಯಾಕ್ಟೀರಿಯಾ ತುಂಬುತ್ತಿದ್ದವು. 1960ರ ದಶಕದಲ್ಲಿ ನಳಿಕೆ, ಕೊಳವೆ, ಚೀಲ ಮೂರೂ ಸೇರಿ ಎಲ್ಲಿಯೂ ತೆರೆಯದ ಒಂದೇ ದಾರಿಯಾದ ಮೇಲೆ ಇದು ಬಹಳ ಇಳಿಯಿತು. ಈ ವಿಷಯದಲ್ಲಿ ಇಷ್ಟು ದೊಡ್ಡ ಲಾಭ ತಂದುಕೊಟ್ಟ ಬದಲಾವಣೆ ಆಮೇಲೆ ಇನ್ನೊಂದಿಲ್ಲ. ಬೆಳ್ಳಿಯ ಲೇಪನವಿರುವ ನಳಿಕೆಗಳನ್ನು ಬ್ರಿಟನ್ನಿನಲ್ಲಿ ಸುಮಾರು 7000 ರೋಗಿಗಳನ್ನು ಒಳಗೊಂಡ ಪ್ರಯೋಗದಲ್ಲಿ ಪರೀಕ್ಷಿಸಿದರು. 2012ರಲ್ಲಿ ಬಂದ ಅದರ ಫಲಿತಾಂಶದಲ್ಲಿ, ಅಲ್ಪಾವಧಿಗೆ ಹಾಕಿಕೊಂಡವರಿಗೆ ಅದರಿಂದ ಹೇಳಿಕೊಳ್ಳುವಂತಹ ಪ್ರಯೋಜನ ಕಾಣಲಿಲ್ಲ. ಯಾರಾದರೂ ಅದಕ್ಕೆ ಹೆಚ್ಚು ಹಣ ಕೇಳಿದರೆ ಕೊಡುವ ಅಗತ್ಯವಿಲ್ಲ.

ಆ ಮುಚ್ಚಿದ ದಾರಿಯನ್ನು ನಾವೇ ತೆರೆಯುತ್ತೇವೆ ಎಂಬುದೇ ತೊಂದರೆ. ಬಟ್ಟೆ ಬದಲಿಸಲು ಅಡ್ಡವಾಯಿತೆಂದು ಕೊಳವೆಯನ್ನು ಕಳಚಿ ಮತ್ತೆ ಸಿಕ್ಕಿಸುವುದು, ಪರೀಕ್ಷೆಗೆ ಮೂತ್ರ ಬೇಕೆಂದು ಅಲ್ಲೇ ಬಿಚ್ಚಿ ಹಿಡಿಯುವುದು, ಇವೆರಡನ್ನೂ ಮಾಡಬಾರದು. ನಾನು ಹಿಂದೆ ಕೆಲಸ ಮಾಡಿದ ಒಂದು ಆಸ್ಪತ್ರೆಯಲ್ಲಿ ವಾರ್ಡ್ ಸಹಾಯಕನೊಬ್ಬ ಹಸಿರು ಬಣ್ಣದ ಒಂದೇ ಪ್ಲಾಸ್ಟಿಕ್ ಮಗ್ ಹಿಡಿದು, ಒಂದೇ ಜೊತೆ ಕೈಗವಸು ತೊಟ್ಟು, ಸಾಲಾಗಿ ಹನ್ನೊಂದು ಮಂಚಗಳ ಚೀಲಗಳನ್ನು ಖಾಲಿ ಮಾಡುತ್ತಾ ಹೋಗುವುದನ್ನು ಕಂಡೆ. ಪ್ರತಿ ಚೀಲದ ಕೆಳಗಿನ ನಲ್ಲಿಯ ಬಾಯಿ ಆ ಮಗ್ಗಿನ ಅಂಚಿಗೆ ಒಮ್ಮೆ ತಾಗುತ್ತಿತ್ತು. ಮೊದಲ ಮಂಚದವನ ಬ್ಯಾಕ್ಟೀರಿಯಾ ಹನ್ನೊಂದನೆಯವನಿಗೆ ತಲುಪಲು ಬೇರೆ ವಾಹನ ಬೇಕಿರಲಿಲ್ಲ. ಆತ ಸೋಮಾರಿಯಲ್ಲ, ಅತ್ಯಂತ ಶ್ರದ್ಧೆಯಿಂದ ಹೊತ್ತಿಗೆ ಸರಿಯಾಗಿ ಈ ಕೆಲಸ ಮಾಡುತ್ತಿದ್ದ. ಒಬ್ಬೊಬ್ಬ ರೋಗಿಗೂ ಬೇರೆ ಪಾತ್ರೆ ಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ, ನಾನೂ ಸೇರಿದಂತೆ. ನೀವು ಮನೆಯಿಂದಲೇ ಒಂದು ಹೊಸ ಮಗ್ ಒಯ್ದು ಅದರ ಮೇಲೆ ಮಂಚದ ಸಂಖ್ಯೆ ಬರೆದಿಡಿ. ಚೀಲ ಮೂರರಲ್ಲಿ ಎರಡು ಭಾಗ ತುಂಬುವಷ್ಟರಲ್ಲಿ ಖಾಲಿಯಾಗಲಿ; ಖಾಲಿ ಮಾಡುವ ಮೊದಲೂ ಅನಂತರವೂ ಕೈ ತೊಳೆಯಲಿ, ನಲ್ಲಿ ಪಾತ್ರೆಗೆ ತಾಗದಿರಲಿ.

ಚೀಲ ಎಲ್ಲಿದೆ ಎಂಬುದೂ ಅಷ್ಟೇ ಮುಖ್ಯ. ಅದು ಯಾವಾಗಲೂ ಮೂತ್ರಕೋಶಕ್ಕಿಂತ ತಗ್ಗಿನಲ್ಲಿರಬೇಕು, ಆದರೆ ನೆಲಕ್ಕೆ ತಾಗಬಾರದು. ಮಂಚದ ಚೌಕಟ್ಟಿಗೆ ತೂಗುಹಾಕಿ; ಮೇಲಕ್ಕೆ ಕೆಳಕ್ಕೆ ಸರಿಸುವ ಪಕ್ಕದ ಕಂಬಿಗೆ ಹಾಕಿದರೆ ಕಂಬಿ ಎತ್ತಿದಾಗ ಚೀಲವೂ ಏರುತ್ತದೆ. ಕೊಳವೆ ರೋಗಿಯ ತೊಡೆಯಡಿ ಸಿಕ್ಕಿ ಮಡಿಸಿಕೊಂಡಿದೆಯೇ, ಸುರುಳಿಯಾಗಿ ಇಳಿಬಿದ್ದು ಅದರಲ್ಲಿ ಮೂತ್ರ ನಿಂತಿದೆಯೇ ಎಂದು ಆಗಾಗ ನೋಡಿ. ಎಕ್ಸ್-ರೇಗೆ ಒಯ್ಯುವಾಗ ಸ್ಟ್ರೆಚರ್ ಮೇಲೆ ರೋಗಿಯ ಹೊಟ್ಟೆಯ ಮೇಲೆಯೇ ಚೀಲವನ್ನು ಇಟ್ಟುಬಿಡುವುದು ಸಾಮಾನ್ಯ, ಆಗ ಚೀಲದಲ್ಲಿದ್ದದ್ದು ಒಳಕ್ಕೆ ಹಿಂದಿರುಗುತ್ತದೆ. ನಮ್ಮ ಜಿಲ್ಲೆಯವರಿಗೆ ಇನ್ನೊಂದು ಪ್ರಸಂಗವೂ ಇದೆ. ಮಡಿಕೇರಿಯಿಂದ ಮೈಸೂರಿಗೋ ಮಂಗಳೂರಿಗೋ ಕಳುಹಿಸಿದ ರೋಗಿ ಮೂರು ನಾಲ್ಕು ಗಂಟೆ ವಾಹನದಲ್ಲಿರುತ್ತಾನೆ. ಮಳೆಗಾಲದಲ್ಲಿ ಸಂಪಾಜೆ ಘಾಟಿಯಲ್ಲಿ ಅದು ಇನ್ನೂ ಹೆಚ್ಚಾಗಬಹುದು. ಅಷ್ಟು ಹೊತ್ತೂ ಚೀಲ ಸೀಟಿನ ಮೇಲೋ ಯಾರದೋ ಮಡಿಲಲ್ಲೋ ಇರುತ್ತದೆ. ಹೊರಡುವ ಮೊದಲು ಪೂರ್ತಿ ಖಾಲಿ ಮಾಡಿಸಿ, ಸ್ಟ್ರೆಚರಿನ ಕೆಳಕಂಬಿಗೆ ಕಟ್ಟಿಸಿ, ದಾರಿಯಲ್ಲಿ ಕಾಫಿಗೆ ನಿಂತಾಗ ಒಮ್ಮೆ ಇಣುಕಿ ನೋಡಿ.

ಡೆಟಾಲ್ ಬೇಡವೆಂದದ್ದಕ್ಕೆ ಕಾರಣ ಇಷ್ಟೇ: ಹಾಕಿದ ಬಳಿಕ ಮೂತ್ರದ್ವಾರದ ಸುತ್ತ ನಂಜುನಿವಾರಕ ಹಚ್ಚುವುದರಿಂದ ಸೋಂಕು ಕಡಿಮೆಯಾಗುವುದಿಲ್ಲ, ಅಲ್ಲಿನ ನವಿರಾದ ಚರ್ಮ ಮಾತ್ರ ಸುಟ್ಟಂತಾಗಿ ಬಿರಿಯುತ್ತದೆ. ದಿನಕ್ಕೊಮ್ಮೆ ಸ್ನಾನದ ಸೋಪು ಮತ್ತು ನೀರು, ಹಾಗೂ ಮಲವಿಸರ್ಜನೆಯಾದಾಗಲೆಲ್ಲ ಮುಂದಿನಿಂದ ಹಿಂದಕ್ಕೆ ಒರೆಸಿ ತೊಳೆಯುವುದು ಸಾಕು. ಗಂಡಸರಲ್ಲಿ ಮುಂದೊಗಲನ್ನು ಹಿಂದೆ ಸರಿಸಿ ತೊಳೆದ ಮೇಲೆ ಮರೆಯದೆ ಮುಂದಕ್ಕೆ ತರಬೇಕು, ಇಲ್ಲದಿದ್ದರೆ ಬಾತುಕೊಂಡು ಬೇರೆಯೇ ತುರ್ತು ಎದುರಾಗುತ್ತದೆ. ನೀರಿನ ವಿಷಯದಲ್ಲಿ ನಮ್ಮ ಹಿರಿಯರೊಡನೆ ವಾದ ಮಾಡಿ ಗೆದ್ದವರಿಲ್ಲ. ಮಳೆಯ ಚಳಿಯಲ್ಲಿ ಬಾಯಾರಿಕೆಯಾಗುವುದಿಲ್ಲ, ಬೆಲ್ಲದ ಕರಿಕಾಫಿಯೇ ಸಾಕೆನ್ನುತ್ತಾರೆ. ಹೃದಯ, ಕಿಡ್ನಿಯ ತೊಂದರೆಗಾಗಿ ವೈದ್ಯರು ನೀರಿಗೆ ಮಿತಿ ಹಾಕಿರದಿದ್ದರೆ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಆಗುವಂತೆ ಬಿಸಿನೀರು, ಗಂಜಿ ಕೊಡಿ. ಸಕ್ಕರೆ ಕಾಯಿಲೆ ಇರುವ ನಿಮ್ಮ ಅತ್ತೆಯವರಿಗೆ ಬೆಲ್ಲದ ಕಾಫಿ ಈ ಲೆಕ್ಕಕ್ಕೆ ಬೇಡ.

ಇನ್ನು, ಯಾವುದು ಸೋಂಕು, ಯಾವುದು ಅಲ್ಲ ಎಂಬುದು. ಚೀಲದಲ್ಲಿನ ಮೂತ್ರ ಮಬ್ಬಾಗಿದೆ, ವಾಸನೆ ಬರುತ್ತಿದೆ, ವರದಿಯಲ್ಲಿ ಬ್ಯಾಕ್ಟೀರಿಯಾ ಇದೆ ಎಂಬಷ್ಟಕ್ಕೇ ಆ್ಯಂಟಿಬಯಾಟಿಕ್ ಕೊಡಬಾರದು. ಮೂರೂ ಸೋಂಕಿಲ್ಲದೆಯೂ ಇರಬಹುದು. ಗರ್ಭಿಣಿಯರು, ಮೂತ್ರಮಾರ್ಗದ ಒಳಗೇ ಶಸ್ತ್ರಚಿಕಿತ್ಸೆಗೆ ಹೋಗುವವರು ಇದಕ್ಕೆ ಅಪವಾದ. ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ, ನಡುಕ ಬಂದರೆ, ಕಿಬ್ಬೊಟ್ಟೆ ಅಥವಾ ಪಕ್ಕೆಯ ಹಿಂಭಾಗದಲ್ಲಿ ನೋವಿದ್ದರೆ, ರಕ್ತದೊತ್ತಡ ಇಳಿದರೆ ಅದು ಗಂಭೀರ. ನಿಮ್ಮ ಮಾವನವರಂತೆ ಜ್ವರದ ಜೊತೆ ಬುದ್ಧಿಭ್ರಮಣೆಯಾದರೆ ತಡಮಾಡುವಂತಿಲ್ಲ. ಜ್ವರವಿಲ್ಲದ ಬರಿಯ ಗೊಂದಲಕ್ಕೆ ಮಾತ್ರ ಮೂತ್ರವನ್ನೇ ಹೊಣೆ ಮಾಡಬಾರದು. ನೋವಿನ ಔಷಧಿ, ನಿದ್ದೆಗೇಡು, ಮಲಬದ್ಧತೆ, ಅಪರಿಚಿತ ಜಾಗ ಇವೆಲ್ಲವೂ ವಯಸ್ಸಾದವರನ್ನು ಹಾಗೆ ಮಾಡುತ್ತವೆ. ಜ್ವರವಿದ್ದರೂ ಶ್ವಾಸಕೋಶ, ಶಸ್ತ್ರಚಿಕಿತ್ಸೆಯ ಗಾಯ, ಸೂಜಿ ಚುಚ್ಚಿದ ಜಾಗಗಳನ್ನು ನೋಡಿಯೇ ಮೂತ್ರದ ಕಡೆ ಬರಬೇಕು. ಪರೀಕ್ಷೆಯ ಮೂತ್ರವನ್ನು ಕೊಳವೆಯಲ್ಲಿ ಅದಕ್ಕೆಂದೇ ಇರುವ ಜಾಗವನ್ನು ಸ್ಪಿರಿಟ್‌ನಿಂದ ಒರೆಸಿ ಸಿರಿಂಜಿನಿಂದ ತೆಗೆಯಬೇಕು, ಚೀಲದಲ್ಲಿ ಗಂಟೆಗಟ್ಟಲೆ ನಿಂತದ್ದನ್ನು ಕಳುಹಿಸಬಾರದು. ನಳಿಕೆ ಎರಡು ವಾರಕ್ಕಿಂತ ಹಳೆಯದಾಗಿದ್ದು ಇನ್ನೂ ಬೇಕಾಗಿದ್ದರೆ, ಮೊದಲು ಅದನ್ನು ಬದಲಿಸಿ ಹೊಸದರಿಂದ ಮಾದರಿ ತೆಗೆಯುತ್ತಾರೆ.

ನಿಮ್ಮ ಅತ್ತೆಯವರಿಗೆ ಉರಿಮೂತ್ರ, ಜ್ವರ ಏನೂ ಇಲ್ಲದಿದ್ದರೆ ಮಂಡಿ ಶಸ್ತ್ರಚಿಕಿತ್ಸೆಗೆ ಮೊದಲು ಮೂತ್ರದ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಿ ಔಷಧಿ ಕೊಡುವುದನ್ನು ಈಗಿನ ಮಾರ್ಗಸೂಚಿಗಳು ಶಿಫಾರಸು ಮಾಡುವುದಿಲ್ಲ. ಉರಿ ಇದ್ದರೆ ಮುಚ್ಚಿಡದೆ ಹೇಳಬೇಕು. ಸಕ್ಕರೆಯನ್ನು ಈ ತಿಂಗಳಲ್ಲೇ ಹಿಡಿತಕ್ಕೆ ತರಿಸಿ. ಹೆಂಗಸರ ಮೂತ್ರದ್ವಾರದ ನಾಳ ಮೂರು ನಾಲ್ಕು ಸೆಂಟಿಮೀಟರ್ ಮಾತ್ರ ಇರುವುದರಿಂದ ರೋಗಾಣುಗಳಿಗೆ ಒಳದಾರಿ ಚಿಕ್ಕದು. ಹಾಗಾಗಿ ದಾಖಲಾಗುವ ದಿನವೇ ಶಸ್ತ್ರಚಿಕಿತ್ಸಕರನ್ನು ಕೇಳಿ: ಕ್ಯಾಥೆಟರ್ ಇಲ್ಲದೆಯೇ ಆಗುವುದಿಲ್ಲವೇ? ಮಂಡಿ ಬದಲಿಸುವವರಲ್ಲಿ ಅನೇಕರಿಗೆ ಅದರ ಅಗತ್ಯವೇ ಬೀಳುವುದಿಲ್ಲ. ಹಾಕಿದರೆ, ಹಾಕಿದ ದಿನಾಂಕ ಮತ್ತು ಹೊತ್ತನ್ನು ಚೀಲದ ಮೇಲೆ ಬರೆಸಿ. ಮರುದಿನ ಬೆಳಗ್ಗೆ ಫಿಸಿಯೊಥೆರಪಿಯವರು ಎಬ್ಬಿಸಿ ನಿಲ್ಲಿಸುವ ಹೊತ್ತಿಗೆ ಅದು ಹೊರಗಿರಲಿ.

ತೆಗೆಯುವ ಮೊದಲು ಮೂತ್ರಕೋಶಕ್ಕೆ ಅಭ್ಯಾಸವಾಗಲೆಂದು ಕೊಳವೆಯನ್ನು ಗಂಟೆಗಟ್ಟಲೆ ಕಟ್ಟಿಡುವ ಪದ್ಧತಿ ಇನ್ನೂ ಕೆಲವೆಡೆ ಇದೆ. ಅದರಿಂದ ಲಾಭವಿಲ್ಲ, ತೆಗೆಯುವುದು ತಡವಾಗುತ್ತದೆ ಅಷ್ಟೇ. ತೆಗೆದ ಮೇಲೆ ಮೊದಲ ಒಂದೆರಡು ಬಾರಿ ಸ್ವಲ್ಪ ಉರಿಯುವುದು ಸಹಜ. ಆದರೆ ಆರರಿಂದ ಎಂಟು ಗಂಟೆಯೊಳಗೆ ಮೂತ್ರವಾಗದಿದ್ದರೆ, ಅಥವಾ ಕಿಬ್ಬೊಟ್ಟೆ ಉಬ್ಬಿ ಹನಿಹನಿಯಾಗಿ ಮಾತ್ರ ಬರುತ್ತಿದ್ದರೆ ಸಿಸ್ಟರ್‌ಗೆ ತಿಳಿಸಬೇಕು. ಹೊಟ್ಟೆಯ ಮೇಲೆ ಸ್ಕ್ಯಾನ್ ಇಟ್ಟು ಎಷ್ಟು ಉಳಿದಿದೆಯೆಂದು ನೋಡಿ, ಬೇಕಾದರೆ ಒಮ್ಮೆ ನಳಿಕೆ ಹಾಕಿ ಖಾಲಿ ಮಾಡಿ ತೆಗೆಯುತ್ತಾರೆ. ಅತ್ತೆಯವರನ್ನು ಕಮೋಡ್ ಕುರ್ಚಿಯ ಮೇಲೆ ಕೂರಿಸಿ, ಪರದೆ ಎಳೆದು, ನೀವು ಹೊರಗೆ ನಿಲ್ಲಿ. ಮಲಗಿದಲ್ಲೇ ಬಾರದ ಮೂತ್ರ ಅನೇಕ ಬಾರಿ ಕೂತಾಗ ಬರುತ್ತದೆ, ಯಾರೂ ನೋಡುತ್ತಿಲ್ಲವೆಂದು ಗೊತ್ತಾದಾಗ ಇನ್ನೂ ಬೇಗ ಬರುತ್ತದೆ.